ಚಿತ್ತಾರ ನೂಲಿನಲ್ಲೋ, ಬಟ್ಟೆಯ ಮೇಲೋ? ಸೀರೆ ಅಂಗಡಿಗಳಿಗೊಂದು ಬಹಿರಂಗ ಪತ್ರ

ಕರ್ನಾಟಕದ ಸೀರೆ ಅಂಗಡಿಗಳ ಮಾಲೀಕರಿಗೆ ಮತ್ತು ವ್ಯವಸ್ಥಾಪಕರಿಗೆ,

ಮಾನ್ಯರೇ,

ನಿಮ್ಮ ಕಪಾಟುಗಳಲ್ಲಿ ‘ಪೋಚಂಪಲ್ಲಿ’ ಎಂಬ ಒಂದೇ ಹೆಸರಿನಡಿ ಈಗ ಎರಡು ಬಗೆಯ ಸೀರೆಗಳು ಸಿಗುತ್ತವೆ. ಮೊದಲ ಬಗೆಯಲ್ಲಿ ನೇಯ್ಗೆ ಶುರುವಾಗುವ ಮುನ್ನವೇ ಎಳೆ ಎಳೆಗೂ ಎಲ್ಲಿ ಯಾವ ಬಣ್ಣ ಬರಬೇಕೆಂದು ಲೆಕ್ಕ ಹಾಕಿ, ನೂಲನ್ನು ಕಟ್ಟಿ, ಬಣ್ಣದಲ್ಲಿ ಅದ್ದಿ, ಆಮೇಲೆ ಮಗ್ಗಕ್ಕೆ ಏರಿಸಿರುತ್ತಾರೆ. ಎರಡನೆಯ ಬಗೆಯಲ್ಲಿ ಬಟ್ಟೆಯನ್ನು ಮೊದಲು ನೇಯ್ದು, ಅದೇ ಚಿತ್ತಾರವನ್ನು ಅದರ ಮೇಲೆ ಪ್ರಿಂಟ್ ಹಾಕಿರುತ್ತಾರೆ. ನಾಲ್ಕು ಅಡಿ ದೂರದಿಂದ ನೋಡಿದರೆ ಎರಡೂ ಒಂದೇ. ಎರಡೂ ಮಾರಲು ಯೋಗ್ಯವಾದ ಸರಕೇ; ಪ್ರಿಂಟ್ ಸೀರೆ ಮಾರಬೇಡಿ ಎಂದು ಹೇಳಲು ನಾನು ಈ ಪತ್ರ ಬರೆಯುತ್ತಿಲ್ಲ. ಎರಡನ್ನೂ ಒಂದೇ ಹೆಸರಿನಲ್ಲಿ ಮಾರಬೇಡಿ ಎಂದು ಕೇಳಿಕೊಳ್ಳಲು ಬರೆಯುತ್ತಿದ್ದೇನೆ. ಚಿತ್ತಾರ ನೂಲಿನಲ್ಲೇ ಮೂಡಿದೆಯೋ, ಬಟ್ಟೆಯ ಮೇಲೆ ಅಚ್ಚಾಗಿದೆಯೋ ಎಂಬುದನ್ನು ಸೀರೆಗೆ ಅಂಟಿಸುವ ಚೀಟಿಯಲ್ಲೂ ಬಿಲ್ಲಿನಲ್ಲೂ ಒಂದು ಸಾಲಿನಲ್ಲಿ ಬರೆಯಿರಿ ಎಂಬುದಷ್ಟೇ ನನ್ನ ಬೇಡಿಕೆ. ಆ ಒಂದು ಸಾಲಿನ ಮೇಲೆ ಒಂದು ಇಡೀ ಕಸುಬು ನಿಂತಿದೆ ಎಂದು ನಾನು ಯಾಕೆ ನಂಬಿದ್ದೇನೆ ಎಂಬುದನ್ನು ಕಾರಣ ಸಮೇತ ಮುಂದಿಡುತ್ತೇನೆ.

ಮೊದಲು ಕೆಲಸವನ್ನೇ ನೋಡೋಣ. ತೆಲಂಗಾಣದ ಯಾದಾದ್ರಿ ಭುವನಗಿರಿ ಜಿಲ್ಲೆಯ ಭೂದಾನ ಪೋಚಂಪಲ್ಲಿ, ಪುಟ್ಟಪಾಕ, ಕೊಯ್ಯಲಗೂಡೆಂನಂಥ ಊರುಗಳಲ್ಲಿ ಕಚ್ಚಾ ರೇಷ್ಮೆಯನ್ನು ಸೋಪು, ಸೋಡಾ ಹಾಕಿದ ನೀರಿನಲ್ಲಿ ಕುದಿಸಿ ಅಂಟು ತೆಗೆಯುತ್ತಾರೆ. ತೂಕದ ಸುಮಾರು ಕಾಲು ಭಾಗ ಅಲ್ಲೇ ಕರಗಿಹೋಗುತ್ತದೆ. ಒಣಗಿದ ನೂಲನ್ನು ಅರ್ಧಚಂದ್ರಾಕಾರದ ಚೌಕಟ್ಟಿನಲ್ಲಿ ಸಾಲಾಗಿ ನೆಟ್ಟ ಗೂಟಗಳಿಗೆ ಒಂದೊಂದೇ ಸುತ್ತಾಗಿ ಎಳೆದು ಹಾಸುತ್ತಾರೆ. ಇದನ್ನು ಅಲ್ಲಿ ‘ಆಸು’ ಎನ್ನುತ್ತಾರೆ. ಬೀಸಣಿಗೆಯಂತೆ ಹರಡಿಕೊಂಡ ಆ ಎಳೆಗಳ ಮೇಲೆ, ಗ್ರಾಫ್ ಹಾಳೆಯಲ್ಲಿ ಬರೆದಿಟ್ಟುಕೊಂಡ ಚಿತ್ತಾರವನ್ನು ನೋಡಿ ಗುರುತು ಹಾಕುತ್ತಾರೆ. ಬಣ್ಣ ತಾಕಬಾರದ ಜಾಗಗಳಿಗೆ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಪಟ್ಟಿಯನ್ನು ಬಿಗಿಯಾಗಿ ಸುತ್ತುತ್ತಾರೆ. ಬಿಳಿ, ಹಳದಿ, ಕೆಂಪು, ಕಪ್ಪು ಹೀಗೆ ನಾಲ್ಕು ಬಣ್ಣದ ಚಿತ್ತಾರವೆಂದು ಇಟ್ಟುಕೊಳ್ಳಿ. ಬಿಳಿ ಉಳಿಯಬೇಕಾದ ಕಡೆ ಕಟ್ಟಿ ನೂಲನ್ನು ಹಳದಿಯಲ್ಲಿ ಅದ್ದಬೇಕು. ಒಣಗಿದ ಮೇಲೆ ಹಳದಿ ಉಳಿಯಬೇಕಾದ ಕಡೆ ಕಟ್ಟಿ ಕೆಂಪಿನಲ್ಲಿ ಅದ್ದಬೇಕು. ಮತ್ತೆ ಕೆಂಪು ಉಳಿಯಬೇಕಾದ ಕಡೆ ಕಟ್ಟಿ ಕಪ್ಪಿನಲ್ಲಿ ಅದ್ದಬೇಕು. ಎಲ್ಲೋ ಒಂದು ಸಣ್ಣ ಚುಕ್ಕೆಗೆ ಮತ್ತೊಂದು ಬಣ್ಣ ಬೇಕಾದರೆ, ಅದಕ್ಕಾಗಿ ಇನ್ನೊಮ್ಮೆ ಕಟ್ಟಿ ಅದ್ದುವ ಬದಲು, ತುದಿಗೆ ಬಟ್ಟೆ ಸುತ್ತಿದ ಕಡ್ಡಿಯಿಂದ ನೂಲಿನ ಮೇಲೆಯೇ ಕೈಯಲ್ಲಿ ಬಣ್ಣ ಹಚ್ಚುವುದೂ ಉಂಟು. ಕೊನೆಗೆ ಕಟ್ಟು ಬಿಚ್ಚಿದಾಗ ಕೈಗೆ ಬರುವುದು ತುಂಡು ತುಂಡಾಗಿ ಬಣ್ಣ ಬದಲಾಗುವ ನೂಲಿನ ಲಡಿ. ಇನ್ನೂ ಒಂದು ಅಂಗುಲ ಬಟ್ಟೆಯೂ ತಯಾರಾಗಿಲ್ಲ.

ಇಲ್ಲಿಂದ ಮುಂದೆ ಕ್ರಮ ತಪ್ಪುವಂತಿಲ್ಲ. ಆಸಿನಲ್ಲಿ ಯಾವ ಎಳೆ ಯಾವುದರ ಪಕ್ಕ ಇತ್ತೋ ಅದೇ ಸರದಿಯಲ್ಲಿ ನೂಲನ್ನು ಬಿಡಿಸಿ ಕಂಡಿಕೆಗಳಿಗೆ ಸುತ್ತಿ, ಆ ಕಂಡಿಕೆಗಳನ್ನು ಅದೇ ಸರದಿಯಲ್ಲಿ ಲಾಳಿಗೆ ಹಾಕಬೇಕು. ಒಂದು ಕಂಡಿಕೆ ಹಿಂದುಮುಂದಾದರೆ ಹೂವಿನ ಎಸಳು ಹರಿದುಹೋಗುತ್ತದೆ. ಮಗ್ಗದಲ್ಲಿ ಕೂತ ನೇಕಾರ ಲಾಳಿ ಹಾಯ್ದ ಮೇಲೆ ಹೊಕ್ಕಿನ ಎಳೆಯನ್ನು ಅಂಚಿನ ಕಡೆಯಿಂದ ಕೂದಲೆಳೆಯಷ್ಟು ಎಳೆದೋ ಸಡಿಲಿಸಿಯೋ, ಹಿಂದಿನ ಎಳೆಯ ಬಣ್ಣಕ್ಕೆ ಈ ಎಳೆಯ ಬಣ್ಣ ಹೊಂದುವಂತೆ ಮಾಡಿ ಆಮೇಲೆ ಬಡಿಯುತ್ತಾನೆ. ಹೀಗೆ ನೂಲಿಗೆ ಮೊದಲೇ ಬಣ್ಣ ಕಟ್ಟಿ ನೇಯುವುದಕ್ಕೆ ಇಕತ್ ಎಂದು ಹೆಸರು. ಹೊಕ್ಕಿನ (ಅಡ್ಡ) ನೂಲಿಗೆ ಮಾತ್ರ ಬಣ್ಣ ಕಟ್ಟಿದರೆ, ಇಲ್ಲವೇ ಹಾಸಿನ (ಉದ್ದ) ನೂಲಿಗೆ ಮಾತ್ರ ಕಟ್ಟಿದರೆ ಅದು ಒಂಟಿ ಇಕತ್. ಹಾಸು, ಹೊಕ್ಕು ಎರಡಕ್ಕೂ ಕಟ್ಟಿ, ನೇಯುವಾಗ ಕೆಂಪಿನ ಮೇಲೆ ಕೆಂಪು, ಬಿಳಿಯ ಮೇಲೆ ಬಿಳಿ ಕೂರುವಂತೆ ಮಾಡಿದರೆ ಜೋಡಿ ಇಕತ್. ಗುಜರಾತಿನ ಪಾಟಣದ ಪಟೋಲ ಜೋಡಿ ಇಕತ್ತಿಗೆ ಹೆಸರಾದದ್ದು. ಅಂಥ ಒಂದು ಸೀರೆಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಪುಟ್ಟಪಾಕದಲ್ಲಿ ನೇಯುವ ತೇಲಿಯಾ ರುಮಾಲು ಎಂಬ ಚೌಕ ವಸ್ತ್ರವೂ ಇದೇ ಜಾತಿಯದು. ಎಷ್ಟೇ ಪಳಗಿದ ಕೈಯಾದರೂ ಎಳೆಗಳು ತುಸು ಅತ್ತಿತ್ತ ಸರಿಯುತ್ತವೆ, ಕಟ್ಟಿನ ಅಂಚಿನೊಳಗೆ ಬಣ್ಣ ಸ್ವಲ್ಪ ಇಂಗುತ್ತದೆ. ಇಕತ್ತಿನ ಚಿತ್ತಾರದ ಅಂಚು ಗೆರೆ ಎಳೆದಂತೆ ಚೂಪಾಗಿರದೆ ನವಿರಾಗಿ ಕದಡಿದಂತೆ ಕಾಣುವುದು ಇದರಿಂದಲೇ.

ಈ ವ್ಯತ್ಯಾಸವನ್ನು ಕೌಂಟರಿನಲ್ಲೇ ಪರೀಕ್ಷಿಸಬಹುದು ಎಂಬುದು ನಿಮಗೂ ಗೊತ್ತು, ನಿಮ್ಮ ಅನುಭವಿ ಸೇಲ್ಸ್‌ಮನ್‌ಗಳಿಗೂ ಗೊತ್ತು. ಸೆರಗಿನ ಕುಚ್ಚಿನ ಕಡೆಯಿಂದ ಒಂದು ಹೊಕ್ಕಿನ ಎಳೆಯನ್ನು ಬಿಡಿಸಿ ನೋಡಿ. ಹೊಕ್ಕಿಗೆ ಬಣ್ಣ ಕಟ್ಟಿದ ಸೀರೆಯಾದರೆ ಆ ಒಂದೇ ಎಳೆಯಲ್ಲಿ ಬಿಳಿ, ಹಳದಿ, ಕೆಂಪು ಉದ್ದುದ್ದ ತುಂಡುಗಳಾಗಿ ಒಂದರ ಹಿಂದೊಂದು ಬರುತ್ತವೆ. ಎಳೆಯನ್ನು ಹೇಗೆ ತಿರುಗಿಸಿದರೂ ಸುತ್ತಲೂ ಅದೇ ಬಣ್ಣ. ಪ್ರಿಂಟ್ ಸೀರೆಯ ಎಳೆಯಲ್ಲಿ ಮೇಲೆ ಕಾಣುತ್ತಿದ್ದ ಕಡೆ ಮಾತ್ರ ಬಣ್ಣ ಗಾಢವಾಗಿದ್ದು, ಇನ್ನೊಂದು ಎಳೆಯ ಕೆಳಗೆ ಅಡಗಿದ್ದ ಕಡೆ ಮಸುಕಾಗಿಯೋ ಬಿಳಿಯಾಗಿಯೋ ಚುಕ್ಕೆ ಚುಕ್ಕೆಯಾಗಿ ಉಳಿದಿರುತ್ತದೆ. ದಪ್ಪ ಬಟ್ಟೆಯಾದರೆ ಮಗುಚಿ ನೋಡಿದರೂ ಸಾಕು, ಹಿಂಬದಿ ಪೇಲವವಾಗಿರುತ್ತದೆ. ಜಕಾರ್ಡ್ ಹೂಡಿ ಇಕತ್ತಿನ ಆಕಾರವನ್ನು ನೇಯ್ದಿದ್ದರೆ ಹಿಂಬದಿಯಲ್ಲಿ ಬಿಡಿ ಎಳೆಗಳು ಒಂದು ಹೂವಿನಿಂದ ಇನ್ನೊಂದಕ್ಕೆ ಹಾಯ್ದಿರುತ್ತವೆ. ಪ್ರಯೋಗಾಲಯ ಬೇಡ, ತಜ್ಞರು ಬೇಡ. ಕೌಂಟರಿನಲ್ಲಿ ನಿಂತು ಗೊತ್ತುಮಾಡಿಕೊಳ್ಳಬಹುದಾದ ಸಂಗತಿಯನ್ನು ಚೀಟಿಯಲ್ಲಿ ಬರೆಯಿರಿ ಎನ್ನುವುದು ಹೊರಲಾರದ ಹೊರೆಯೇನೂ ಆಗಲಾರದು.

ಈಗ ನನ್ನ ವಾದದ ಮುಖ್ಯ ಭಾಗಕ್ಕೆ ಬರುತ್ತೇನೆ. ಸೀರೆಯ ಮೇಲೆ ನಾವು ನಂಬಿಕೆಯಿಂದ ನೋಡುವ ಗುರುತುಗಳು ಹಲವಿವೆ. 2004ರಲ್ಲಿ ಬಂದ ಸಿಲ್ಕ್ ಮಾರ್ಕ್ ಇದು ಅಪ್ಪಟ ರೇಷ್ಮೆ ಎಂದು ಹೇಳುತ್ತದೆ. ಅದರ ಬೆನ್ನಿಗಿರುವ ಕೇಂದ್ರ ರೇಷ್ಮೆ ಮಂಡಳಿಯ ಮುಖ್ಯ ಕಚೇರಿ ನಮ್ಮ ಬೆಂಗಳೂರಿನಲ್ಲೇ ಇದೆ. 2006ರಲ್ಲಿ ಬಂದ ಹ್ಯಾಂಡ್‌ಲೂಮ್ ಮಾರ್ಕ್ ಇದು ಕೈಮಗ್ಗದಲ್ಲಿ ನೇಯ್ದ ಬಟ್ಟೆ ಎಂದು ಹೇಳುತ್ತದೆ. ಒಂದು ನಾರಿನ ಬಗ್ಗೆ ಮಾತಾಡುತ್ತದೆ, ಇನ್ನೊಂದು ನೇಯ್ಗೆಯ ಬಗ್ಗೆ. ನೂಲಿಗೆ ಬಣ್ಣ ಕಟ್ಟಿದ ಕೆಲಸ ಈ ಎರಡರ ನಡುವೆ ಬಿದ್ದುಹೋಗಿದೆ. ಅಪ್ಪಟ ರೇಷ್ಮೆಯ ಬಿಳಿ ಬಟ್ಟೆಯ ಮೇಲೆ ಇಕತ್ ಚಿತ್ತಾರವನ್ನು ಪ್ರಿಂಟ್ ಹಾಕಿದರೆ ರೇಷ್ಮೆ ಎಂಬ ಮಾತು ಸುಳ್ಳಾಗುವುದಿಲ್ಲ. ಆ ಬಟ್ಟೆಯನ್ನು ಕೈಮಗ್ಗದಲ್ಲೇ ನೇಯ್ದಿದ್ದರೆ ಕೈಮಗ್ಗ ಎಂಬ ಮಾತೂ ಸುಳ್ಳಾಗುವುದಿಲ್ಲ. ಎರಡೂ ಗುರುತು ನಿಜವಾಗಿದ್ದೂ ಸೀರೆ ಇಕತ್ ಆಗಿರುವುದಿಲ್ಲ. ಕೈಮಗ್ಗಕ್ಕೆ ಕೆಲವು ಬಗೆಯ ಬಟ್ಟೆಗಳನ್ನು ಮೀಸಲಿಟ್ಟ 1985ರ ಕಾಯ್ದೆಯೂ ನೋಡುವುದು ಯಾವ ಮಗ್ಗದಲ್ಲಿ ನೇಯ್ದರು ಎಂಬುದನ್ನೇ. ಹೀಗಿರುವಾಗ ನೂಲಿನ ಮೇಲೆ ನಡೆದ ಕೆಲಸವನ್ನು ಗಿರಾಕಿಗೆ ತಿಳಿಸಲು ಉಳಿಯುವುದು ಎರಡೇ: ಪೋಚಂಪಲ್ಲಿ ಎಂಬ ಊರಿನ ಹೆಸರು ಮತ್ತು ಆ ಹೆಸರನ್ನು ಗಿರಾಕಿಯ ಮುಂದೆ ಹೇಳುವ ನಿಮ್ಮ ಬಾಯಿ. ಆ ಹೆಸರೂ ಪ್ರಿಂಟಿಗೆ ಹೋದರೆ ಬಣ್ಣ ಕಟ್ಟುವವರ ದುಡಿಮೆಗೆ ಮಾರುಕಟ್ಟೆಯಲ್ಲಿ ಬೇರೆ ಸಾಕ್ಷಿಯೇ ಇರುವುದಿಲ್ಲ.

ಆ ದುಡಿಮೆ ಯಾರದು ಎಂಬುದನ್ನೂ ನೋಡಬೇಕು. 2019-20ರ ನಾಲ್ಕನೆಯ ಅಖಿಲ ಭಾರತ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ ಸುಮಾರು 35 ಲಕ್ಷ ಮಂದಿ ಕೈಮಗ್ಗದ ಕೆಲಸದಲ್ಲಿದ್ದಾರೆ. ಅವರಲ್ಲಿ ಸುಮಾರು 26.7 ಲಕ್ಷ ನೇಕಾರರು, ಸುಮಾರು 8.5 ಲಕ್ಷ ಪೂರಕ ಕೆಲಸಗಾರರು. ನೂಲು ಸುತ್ತುವುದು, ಹಾಸು ಹೂಡುವುದು, ಬಣ್ಣ ಹಾಕುವುದು ಇವೆಲ್ಲ ಆ ಪೂರಕ ಕೆಲಸದ ಲೆಕ್ಕಕ್ಕೆ ಸೇರುತ್ತವೆ. ಉಳಿದ ನೇಯ್ಗೆಗಳಿಗೆ ‘ಪೂರಕ’ ಎಂಬ ಮಾತು ಹೊಂದಬಹುದು, ಇಕತ್ತಿಗೆ ಹೊಂದುವುದಿಲ್ಲ. ಇಲ್ಲಿ ಸೀರೆಯ ಸೊಬಗೆಲ್ಲ ತೀರ್ಮಾನವಾಗುವುದೇ ಆ ಹಂತದಲ್ಲಿ. ಮನೆಯ ಹೆಂಗಸರ ಪಾಲು ಅದರಲ್ಲಿ ದೊಡ್ಡದು. ಆಸು ಎಳೆಯುವ ಕೆಲಸ ಹಿಂದಿನಿಂದಲೂ ಅವರದೇ. ಕೈಯಿಂದ ಎಳೆದರೆ ಒಂದು ಸೀರೆಯ ನೂಲಿಗೆ ನಾಲ್ಕೈದು ಗಂಟೆ ಬೇಕು. ಅಷ್ಟು ಹೊತ್ತು ತೋಳನ್ನು ಅತ್ತಿಂದಿತ್ತ ಸಾವಿರಾರು ಸಲ ಆಡಿಸಬೇಕು. ತಾಯಿಯ ತೋಳುನೋವನ್ನು ನೋಡಲಾಗದೆ ನೇಕಾರರ ಮನೆಯ ಚಿಂತಕಿಂದಿ ಮಲ್ಲೇಶಂ ಅವರು ವರ್ಷಗಟ್ಟಲೆ ಹೆಣಗಿ 1999ರಲ್ಲಿ ಆಸು ಯಂತ್ರ ಮಾಡಿದರು, ಅದಕ್ಕೆ ತಾಯಿಯ ಹೆಸರನ್ನೇ ಸೇರಿಸಿ ಲಕ್ಷ್ಮೀ ಆಸು ಯಂತ್ರ ಎಂದರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಸರ್ಕಾರ ಪದ್ಮ ಪ್ರಶಸ್ತಿ ಕೊಟ್ಟು ಗುರುತಿಸಿದ್ದು ನೇಯ್ಗೆಗೆ ಮುಂಚಿನ ಈ ಹಂತದ ಶ್ರಮವನ್ನೇ. ಮಾರುಕಟ್ಟೆಯ ಚೀಟಿಯಲ್ಲಿ ಮಾತ್ರ ಅದಕ್ಕೆ ಒಂದು ಸಾಲಿನ ಜಾಗವೂ ಇಲ್ಲ.

ಪೋಚಂಪಲ್ಲಿ ಎಂಬ ಹೆಸರು ಪುಕ್ಕಟೆಯಾಗಿ ಬಂದದ್ದಲ್ಲ. ಈ ವಿದ್ಯೆ ಆಂಧ್ರದ ಕರಾವಳಿಯ ಚೀರಾಲದಿಂದ ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಪೋಚಂಪಲ್ಲಿಯ ಕಡೆಗೆ ಬಂತು. ಚೀರಾಲದಲ್ಲಿ ನೇಯುತ್ತಿದ್ದದ್ದು ತೇಲಿಯಾ ರುಮಾಲು: ನೂಲನ್ನು ಎಣ್ಣೆಯಲ್ಲೂ ಹರಳುಕಾಯಿಯ ಬೂದಿಯ ನೀರಿನಲ್ಲೂ ದಿನಗಟ್ಟಲೆ ಮತ್ತೆ ಮತ್ತೆ ನಾದಿ ಹದ ಮಾಡಿ, ಕೆಂಪು, ಕಪ್ಪು, ಬಿಳಿಯಲ್ಲಿ ಚಿತ್ತಾರ ಕಟ್ಟಿದ ಚೌಕ ವಸ್ತ್ರ. ಅದು ಅರಬ್ಬರ ನಾಡಿಗೆ ತಲೆವಸ್ತ್ರವಾಗಿ ಹಡಗೇರಿ ಹೋಗುತ್ತಿತ್ತು. ಆ ಪೇಟೆ ಕುಸಿದಾಗ ಕಸುಬು ಸೀರೆಯ ಕಡೆ ತಿರುಗಬೇಕಾಯಿತು. ಹತ್ತಿಯಲ್ಲಿ ಕಲಿತ ಕೈಗಳು ರೇಷ್ಮೆಗೆ ಒಗ್ಗಿದ್ದು ಸ್ವಾತಂತ್ರ್ಯದ ನಂತರ, ಅಖಿಲ ಭಾರತ ಕರಕುಶಲ ಮಂಡಳಿಯನ್ನು ಕಮಲಾದೇವಿ ಚಟ್ಟೋಪಾಧ್ಯಾಯ ಅವರು ಮುನ್ನಡೆಸುತ್ತಿದ್ದ ಕಾಲದಲ್ಲಿ, ಅವರ ಉತ್ತೇಜನದಿಂದ. ಕಮಲಾದೇವಿ 1903ರಲ್ಲಿ ಹುಟ್ಟಿದ್ದು ನಮ್ಮ ಮಂಗಳೂರಿನಲ್ಲಿ. ಇಷ್ಟು ದೂರ ನಡೆದು ಬಂದ ಹೆಸರು ಅದು. ಸರಕಿನ ಜೊತೆಗಿರುವ ಊರಿನ ಹೆಸರನ್ನು ಕಾಯುವ ಭೌಗೋಳಿಕ ಸೂಚಕಗಳ (ಜಿಐ) ಕಾಯ್ದೆ 1999ರಲ್ಲಿ ಆಗಿ 2003ರಲ್ಲಿ ಜಾರಿಗೆ ಬಂದಾಗ, ದೇಶದಲ್ಲಿ ನೋಂದಣಿಯಾದ ಮೊಟ್ಟಮೊದಲ ಹೆಸರುಗಳ ಸಾಲಿನಲ್ಲೇ ಪೋಚಂಪಲ್ಲಿ ಇಕತ್ ಇತ್ತು. ಈ ಸೀರೆಯಲ್ಲಿ ರೇಷ್ಮೆ ಬೆಳೆಯುವ ನಮ್ಮ ರೈತರ ಪಾಲೂ ಇದೆ. ಆ ಮಗ್ಗಗಳಿಗೆ ಹೋಗುವ ರೇಷ್ಮೆ ನೂಲಿನ ದೊಡ್ಡ ಪಾಲು ಬೆಂಗಳೂರಿನ ಪೇಟೆಯಿಂದ ಹೋಗುತ್ತದೆ. ರಾಮನಗರ, ಶಿಡ್ಲಘಟ್ಟದ ಗೂಡು ಮಾರುಕಟ್ಟೆಗಳ ಬಾಳು ಇಂಥ ಮಗ್ಗಗಳ ಬಾಳಿಗೆ ಹೆಣೆದುಕೊಂಡಿದೆ.

ಇನ್ನು ನಿಮ್ಮ ಆಕ್ಷೇಪಗಳಿಗೆ ಬರೋಣ. ಮೊದಲನೆಯದು ಬೆಲೆಯದು. ಗಿರಾಕಿಗೆ ಬೇಕಾಗಿರುವುದು ಆ ಡಿಸೈನ್, ಆಕೆಯ ಕೈಯಲ್ಲಿರುವುದು ಸಾವಿರ ರೂಪಾಯಿ, ಅಷ್ಟರಲ್ಲಿ ಅಸಲಿ ರೇಷ್ಮೆ ಇಕತ್ ಬರುವುದಿಲ್ಲ, ಹಾಗಾದರೆ ಆಕೆ ಉಡಬಾರದೇ ಎಂದು ನೀವು ಕೇಳಬಹುದು. ಖಂಡಿತ ಉಡಬೇಕು. ಪ್ರಿಂಟ್ ಸೀರೆ ಹಗುರ, ಒಗೆಯಲು ಸುಲಭ, ದಿನಬಳಕೆಗೆ ಅನುಕೂಲ. ಅದನ್ನು ಉಡುವುದರಲ್ಲಿ ಯಾವ ಕುಂದೂ ಇಲ್ಲ. ಆದರೆ ಸಾವಿರ ರೂಪಾಯಿ ಕೊಡುವವಳಿಗೂ ತಾನು ಏನು ಕೊಳ್ಳುತ್ತಿದ್ದೇನೆಂದು ತಿಳಿಯುವ ಹಕ್ಕು ಇದೆ, ಹತ್ತು ಸಾವಿರ ಕೊಡುವವಳಿಗೂ ಇದೆ. ‘ಇಕತ್ ಡಿಸೈನ್, ಪ್ರಿಂಟ್’ ಎಂದು ಚೀಟಿಯಲ್ಲಿದ್ದರೆ ಮೊದಲನೆಯವಳು ಸೀರೆ ಬಿಟ್ಟು ಹೋಗುವುದಿಲ್ಲ. ಆಕೆಗೆ ಬೇಕಾದದ್ದು ಡಿಸೈನ್ ಎಂದು ನೀವೇ ಹೇಳುತ್ತಿದ್ದೀರಿ. ಒಂದೇ ಹೆಸರಿನಿಂದ ನಿಜವಾಗಿ ಪೆಟ್ಟು ಬೀಳುವುದು ಎರಡನೆಯವಳಿಗೆ ಮತ್ತು ಆಕೆಗಾಗಿ ದುಡಿದವರಿಗೆ. ಪಕ್ಕದ ರಾಶಿಯಲ್ಲಿ ಅದೇ ಹೆಸರಿನ ಸೀರೆ ಹತ್ತರಲ್ಲೊಂದು ಭಾಗದ ಬೆಲೆಗೆ ಕಂಡಾಗ, ಇದಕ್ಕೆ ಇಷ್ಟೊಂದು ಯಾಕೆ ಎಂಬ ಪ್ರಶ್ನೆ ಏಳುತ್ತದೆ. ಅದಕ್ಕೆ ಉತ್ತರ ಚೀಟಿಯಲ್ಲಿಲ್ಲದಿದ್ದರೆ, ದುಬಾರಿ ಸೀರೆ ಮೋಸದಂತೆಯೂ ಅಗ್ಗದ ಸೀರೆ ಪ್ರಾಮಾಣಿಕವಾದದ್ದೆಂಬಂತೆಯೂ ಕಾಣುತ್ತವೆ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಈ ಚಿತ್ತಾರ ಯಾರಪ್ಪನ ಆಸ್ತಿಯೂ ಅಲ್ಲ, ಉಜ್ಬೇಕಿಸ್ತಾನದಲ್ಲೂ ಇದೆ, ಇಂಡೋನೇಷ್ಯಾದಲ್ಲೂ ಜಪಾನಿನಲ್ಲೂ ಇದೆ, ಒಡಿಶಾದಲ್ಲಿ ಬಂಧ ಎಂಬ ಹೆಸರಿನಲ್ಲಿ ಬೆಳೆದಿದೆ, ಹಾಗಿರುವಾಗ ಒಂದು ಊರು ಅದನ್ನು ತನ್ನದೆನ್ನುವುದು ಹೇಗೆ ಎಂಬುದು. ಈ ಮಾತಿನ ಮೊದಲರ್ಧವನ್ನು ನಾನು ಪೂರ್ತಿ ಒಪ್ಪುತ್ತೇನೆ. ನೂಲು ಕಟ್ಟಿ ಬಣ್ಣ ಹಾಕುವ ವಿದ್ಯೆ ಲೋಕದ ಸೊತ್ತು. ಪಾಟಣದ ಪಟೋಲಗಳು ಆಗ್ನೇಯ ಏಷ್ಯಾದ ದ್ವೀಪಗಳಿಗೆ ವ್ಯಾಪಾರದಲ್ಲಿ ಹೋಗಿ ಅಲ್ಲಿನ ಮನೆತನಗಳಲ್ಲಿ ಪೂಜ್ಯ ವಸ್ತ್ರಗಳಾದವು; ಬಾಲಿ ದ್ವೀಪದ ತೆಂಗಾನನ್‌ನಲ್ಲಿ ಇಂದಿಗೂ ಜೋಡಿ ಇಕತ್ ನೇಯುತ್ತಾರೆ. ವಜ್ರಾಕಾರವನ್ನೋ, ಗಿಳಿಯನ್ನೋ, ಆನೆಯನ್ನೋ ಯಾರೂ ಬೇಲಿ ಹಾಕಿ ಕಾಯಲಾರರು, ಕಾಯಬೇಕಾಗಿಯೂ ಇಲ್ಲ. ಆದರೆ ಅದೇ ಕಾರಣಕ್ಕೆ ಊರಿನ ಹೆಸರು ಮುಖ್ಯವಾಗುತ್ತದೆ. ಚಿತ್ತಾರ ಎಲ್ಲರದೂ ಆಗಿರುವಾಗ, ಈ ಬಟ್ಟೆಯನ್ನು ಇಂಥ ಕಡೆ, ಇಂಥವರು, ಈ ರೀತಿಯಲ್ಲಿ ಮಾಡಿದರು ಎಂಬ ಮಾತೊಂದೇ ಒಂದನ್ನು ಇನ್ನೊಂದರಿಂದ ಬೇರೆ ಮಾಡಬಲ್ಲದು. ಭೌಗೋಳಿಕ ಸೂಚಕ ಕಾಪಾಡುವುದು ಆ ಮಾತನ್ನೇ. ಡಿಸೈನನ್ನು ಬಳಸಿಕೊಳ್ಳಿ, ಹೆಸರನ್ನು ಮಾತ್ರ ಅದು ಯಾರಿಗೆ ಸೇರಿದೆಯೋ ಅವರಿಗೆ ಬಿಡಿ.

ಮೂರನೆಯ ಆಕ್ಷೇಪ, ಸಗಟು ವ್ಯಾಪಾರಿ ಇದೇ ಹೆಸರಿನಲ್ಲಿ ಕಳಿಸಿದ, ನಾವೂ ಇದೇ ಹೆಸರಿನಲ್ಲಿ ಮಾರಿದೆವು ಎಂಬುದು. ಬೆಂಗಳೂರಿನ ಚಿಕ್ಕಪೇಟೆಯಿಂದ ಹುಬ್ಬಳ್ಳಿ, ಕಲಬುರಗಿ, ಮಂಗಳೂರಿನವರೆಗೆ ಸರಕು ಹಲವು ಕೈ ದಾಟಿ ಬರುತ್ತದೆ ಎಂಬುದು ನಿಜ. ಆದರೆ ಗಿರಾಕಿ ನಂಬಿ ಬರುವುದು ನಿಮ್ಮ ಹೆಸರಿನ ಮೇಲೆ, ಆಕೆ ಕಂಡರಿಯದ ಸಗಟು ವ್ಯಾಪಾರಿಯ ಮೇಲಲ್ಲ. ಕಾನೂನೂ ಹೀಗೇ ಯೋಚಿಸುತ್ತದೆ. ಸುಳ್ಳು ಭೌಗೋಳಿಕ ಸೂಚಕ ಹಚ್ಚಿದ ಸರಕನ್ನು ಮಾರುವುದು ಶಿಕ್ಷಾರ್ಹ ಅಪರಾಧ. ತಾನು ತಕ್ಕ ಎಚ್ಚರ ವಹಿಸಿದ್ದೆ, ಅನುಮಾನಕ್ಕೆ ಕಾರಣವಿರಲಿಲ್ಲ, ಸರಕು ಎಲ್ಲಿಂದ ಬಂತೆಂದು ತಿಳಿಸಿದ್ದೇನೆ ಎಂದು ತೋರಿಸಬಲ್ಲ ವ್ಯಾಪಾರಿಗೆ ಮಾತ್ರ ಅದರಲ್ಲಿ ರಕ್ಷಣೆ ಇದೆ. ಒಂದು ಎಳೆ ಬಿಡಿಸಿ ನೋಡುವುದು ಆ ತಕ್ಕ ಎಚ್ಚರದ ಅತ್ಯಂತ ಕಡಿಮೆ ಖರ್ಚಿನ ರೂಪ. ಸರಕಿನ ಗುಣಮಟ್ಟ, ಬಗೆಗಳ ಬಗ್ಗೆ ಸುಳ್ಳು ಹೇಳುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎನ್ನುತ್ತದೆ. ಬಿಲ್ ಕೊಡದಿರುವುದನ್ನೂ ಅದೇ ಸಾಲಿಗೆ ಸೇರಿಸುತ್ತದೆ. ಕಾಯ್ದೆಯ ಭಯ ಹುಟ್ಟಿಸಲು ಇದನ್ನು ಹೇಳುತ್ತಿಲ್ಲ. ಚೀಟಿಯ ಆ ಒಂದು ಸಾಲು ನೇಕಾರನನ್ನು ಕಾಯುವಷ್ಟೇ ನಿಮ್ಮನ್ನೂ ಕಾಯುತ್ತದೆ ಎಂದು ನೆನಪಿಸಲು ಹೇಳುತ್ತಿದ್ದೇನೆ.

ನಾಲ್ಕನೆಯದು, ಕೈಕೆಲಸವನ್ನು ಹೊಗಳಿ ಯಂತ್ರವನ್ನು ಹಳಿಯುವ ಹಳೆಯ ಹಾಡು ಇದು ಎಂಬ ಆಕ್ಷೇಪ. ಆಸು ಯಂತ್ರದ ಉದಾಹರಣೆಯೇ ಇದಕ್ಕೆ ಉತ್ತರ. ಅದು ಹೆಂಗಸರ ತೋಳನ್ನು ಉಳಿಸಿತು, ನೂಲಿಗೆ ಬಣ್ಣ ಕಟ್ಟುವ ಕಸುಬನ್ನು ಕಸಿದುಕೊಳ್ಳಲಿಲ್ಲ. ಅಂಥ ಯಂತ್ರ ಹತ್ತು ಬರಲಿ. ಜಪಾನಿನಲ್ಲಿ ಕಳೆದ ಶತಮಾನದ ಮೊದಲ ದಶಕಗಳಲ್ಲಿ ನೂಲು ಕಟ್ಟುವ ಬದಲು, ಕೊರೆದ ಹಾಳೆಗಳನ್ನಿಟ್ಟು ಹಾಸಿನ ನೂಲಿಗೇ ಬಣ್ಣ ಹಚ್ಚಿ ನೇಯುವ ಸುಲಭ ದಾರಿ ಕಂಡುಕೊಂಡರು. ಆ ಬಟ್ಟೆ ಮೇಸೆನ್ ಎಂಬ ತನ್ನದೇ ಹೆಸರಿನಲ್ಲಿ ಮಾರಾಟವಾಗಿ, ಮಧ್ಯಮ ವರ್ಗದ ಹೆಂಗಸರ ಮೆಚ್ಚಿನ ಉಡುಗೆಯಾಯಿತು. ಅಗ್ಗದ ದಾರಿಗೆ ಬೇರೆ ಹೆಸರು ಇಟ್ಟರೆ ಅದೂ ಬೆಳೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಇದರ ಜೊತೆಗೆ ಕೆಲವರು, ಪೋಚಂಪಲ್ಲಿಯಲ್ಲೂ ಈಗ ಹಾಕುವುದು ರಾಸಾಯನಿಕ ಬಣ್ಣವೇ, ಹಾಗಾದರೆ ಅಸಲಿ ಎನ್ನುವುದರಲ್ಲಿ ಏನು ಉಳಿಯಿತು ಎನ್ನುತ್ತಾರೆ. ಬಣ್ಣದ ಮೂಲವೂ ಬಣ್ಣ ಕೂರಿಸುವ ರೀತಿಯೂ ಎರಡು ಬೇರೆ ಸಂಗತಿಗಳು. ಗಿಡದ ಬೇರಿನಿಂದ ತೆಗೆಯುತ್ತಿದ್ದ ಕೆಂಪನ್ನು, ಅಲಿಜರಿನ್ ಅನ್ನು, ಜರ್ಮನಿಯ ರಸಾಯನಶಾಸ್ತ್ರಜ್ಞರು 1868ರಲ್ಲೇ ಪ್ರಯೋಗಾಲಯದಲ್ಲಿ ತಯಾರಿಸಿದರು; ಹೆಸರಾಂತ ತೇಲಿಯಾ ರುಮಾಲಿನ ಕೆಂಪು ಕೂಡ ಬರಬರುತ್ತಾ ಕಾರ್ಖಾನೆಯ ಅಲಿಜರಿನ್‌ನಿಂದಲೇ ಬಂತು. ಅದರಿಂದ ರುಮಾಲು ರುಮಾಲಾಗಿ ಉಳಿಯದೆ ಹೋಗಲಿಲ್ಲ, ಯಾಕೆಂದರೆ ಆ ಕೆಂಪು ನೂಲಿನಲ್ಲೇ ಕೂತಿತ್ತು. ಬಣ್ಣ ಯಾವುದೆಂದು ಬೇಕಾದರೆ ಅದನ್ನೂ ಚೀಟಿಯಲ್ಲಿ ಬರೆಯಿರಿ, ಒಳ್ಳೆಯದೇ.

ಕೊನೆಯ ಆಕ್ಷೇಪ ಎಲ್ಲಕ್ಕಿಂತ ಕಠಿಣವಾದದ್ದು. ನೇಕಾರರ ಮಕ್ಕಳೇ ಕಸುಬು ಬಿಟ್ಟು ಹೈದರಾಬಾದಿಗೆ ಕೆಲಸಕ್ಕೆ ಹೋಗುತ್ತಿರುವಾಗ, ಇಷ್ಟು ಶ್ರಮದ ಕೆಲಸವನ್ನು ಯಾಕಾದರೂ ಉಳಿಸಬೇಕು ಎಂಬುದು. ಹೋಗುವವರನ್ನು ತಡೆಯುವ ಹಕ್ಕು ನಮ್ಮಲ್ಲಿ ಯಾರಿಗೂ ಇಲ್ಲ. ಮಗ್ಗದ ಮನೆಯಲ್ಲಿ ಹುಟ್ಟಿದ ಹುಡುಗಿ ನರ್ಸ್ ಆಗಲಿ, ಎಂಜಿನಿಯರ್ ಆಗಲಿ. ಆದರೆ ಉಳಿಯಲು ಮನಸ್ಸಿದ್ದೂ ಕೂಲಿ ಸಾಲದೆ ಹೊರಟವರು ಇದ್ದರೆ, ಅದನ್ನು ಕಾಲದ ನಿಯಮ ಎಂದು ಕೈತೊಳೆದುಕೊಳ್ಳುವ ಮುನ್ನ ನಮ್ಮ ಪಾಲು ಎಷ್ಟಿದೆ ಎಂದು ಕೇಳಿಕೊಳ್ಳಬೇಕು. ಅಸಲಿಯನ್ನು ನಕಲಿಯಿಂದ ಬೇರೆ ಮಾಡಿ ತೋರಿಸದ ಪೇಟೆಯಲ್ಲಿ ಅಸಲಿಯ ಬೆಲೆ ನಕಲಿಯ ಕಡೆಗೇ ಜಾರುತ್ತದೆ. ಬೆಲೆ ಜಾರಿದಾಗ ಮೊದಲು ಕತ್ತರಿ ಬೀಳುವುದು ಕೂಲಿಗೆ, ಆಮೇಲೆ ಕಟ್ಟುಗಳ ಸಂಖ್ಯೆಗೆ. ನಾಲ್ಕು ಬಣ್ಣದ ಚಿತ್ತಾರ ಎರಡಕ್ಕೆ ಇಳಿಯುತ್ತದೆ, ಜೋಡಿ ಇಕತ್ ಒಂಟಿಯಾಗುತ್ತದೆ, ಗಿಳಿಯ ಕೊಕ್ಕು ಬರಿಯ ಮೂಲೆಯಾಗುತ್ತದೆ. ಕೈಚಳಕ ಹೀಗೆ ಒಂದೊಂದೇ ಮೆಟ್ಟಿಲು ಇಳಿದ ಮೇಲೆ, ನೋಡಿ, ಇದರಲ್ಲಿ ಈಗ ಹಿಂದಿನ ಸೊಗಸಿಲ್ಲ ಎಂದು ನಾವೇ ದೂರುತ್ತೇವೆ. ಚೀಟಿಯ ಒಂದು ಸಾಲು ಇದನ್ನೆಲ್ಲ ಒಂದೇ ದಿನದಲ್ಲಿ ಸರಿಮಾಡುತ್ತದೆ ಎಂದು ನಾನು ಹೇಳುವುದಿಲ್ಲ. ಕೂಲಿ, ನೂಲಿನ ಬೆಲೆ, ಸಾಲ, ಸಹಕಾರ ಸಂಘಗಳ ಸ್ಥಿತಿ ಇವೆಲ್ಲ ಸರ್ಕಾರಗಳು ನೋಡಬೇಕಾದ ಬೇರೆ ಸಂಗತಿಗಳು. ಆದರೆ ಅಂಗಡಿಯವರಿಂದಲೇ ಆಗಬೇಕಾದ, ಅಂಗಡಿಯವರಿಂದ ಮಾತ್ರ ಆಗಬಲ್ಲ ಕೆಲಸ ಇದೊಂದಿದೆ.

ಸತ್ಯ ಬರೆದರೆ ವ್ಯಾಪಾರ ಕೆಡುತ್ತದೆ ಎಂಬ ಅಳುಕು ಯಾರಿಗಾದರೂ ಇದ್ದರೆ ನಮ್ಮ ರಾಜ್ಯದಲ್ಲೇ ಅದಕ್ಕೆ ಉತ್ತರವಿದೆ. ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಮೈಸೂರು ಸಿಲ್ಕ್ ಸೀರೆಯ ಮೇಲೆ ಅದರದೇ ಸಂಕೇತ ಸಂಖ್ಯೆ ಇರುತ್ತದೆ, ಜೊತೆಗೆ ಹಾಲೊಗ್ರಾಂ ಇರುತ್ತದೆ. ಮೈಸೂರು ಸಿಲ್ಕ್ ಯಂತ್ರದ ಮಗ್ಗದಲ್ಲಿ ನೇಯ್ದದ್ದು ಎಂಬುದನ್ನು ನಿಗಮ ಎಂದೂ ಮುಚ್ಚಿಟ್ಟಿಲ್ಲ. ಆದರೂ ಸೀರೆ ಬಂದ ದಿನ ಜನ ಬೆಳಗಿನಿಂದ ಸಾಲುಗಟ್ಟುತ್ತಾರೆ. ಹೇಳಿದ್ದಕ್ಕೂ ಇರುವುದಕ್ಕೂ ವ್ಯತ್ಯಾಸವಿಲ್ಲ ಎಂಬ ಭರವಸೆಗೆ ಜನ ಹಣ ಕೊಡುತ್ತಾರೆ. ಇದೇ ಪ್ರಶ್ನೆಯನ್ನು ಇಳಕಲ್ಲಿನ ಕಡೆಯಿಂದಲೂ ಕೇಳಿನೋಡಿ. ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಜೋಡಿಸುವ ತೋಪು ತೆನಿಯ ಕೆಲಸ ಇಳಕಲ್ ಸೀರೆಯ ಜೀವಾಳ. ಹೊರರಾಜ್ಯದ ಅಂಗಡಿಯೊಂದರಲ್ಲಿ ಪಾಲಿಸ್ಟರ್ ಬಟ್ಟೆಗೆ ಆ ಸೆರಗಿನ ಚಿತ್ತಾರವನ್ನು ಪ್ರಿಂಟ್ ಹಾಕಿ ‘ಇಳಕಲ್’ ಎಂದು ಮಾರಿದರೆ ನಮಗೆ ಸಿಟ್ಟು ಬರುತ್ತದೆ, ಬರಬೇಕು. ನಮ್ಮ ನೇಕಾರರಿಗಾಗಿ ಹೊರಗಿನ ಅಂಗಡಿಗಳಿಂದ ನಾವು ಬಯಸುವ ನ್ಯಾಯವನ್ನು ಹೊರಗಿನ ನೇಕಾರರಿಗಾಗಿ ನಮ್ಮ ಅಂಗಡಿಗಳಲ್ಲಿ ನಾವು ಪಾಲಿಸಿದಾಗಲೇ ಆ ಸಿಟ್ಟಿಗೆ ಬೆಲೆ.

ಆದ್ದರಿಂದ ನಿಮ್ಮಲ್ಲಿ ನನ್ನ ವಿನಂತಿ ಇಷ್ಟು. ಇಕತ್ ಚಿತ್ತಾರದ ಪ್ರತಿಯೊಂದು ಸೀರೆಯ ಚೀಟಿಯಲ್ಲೂ ‘ನೂಲಿಗೆ ಬಣ್ಣ ಕಟ್ಟಿ ನೇಯ್ದದ್ದು’ ಎಂದೋ ‘ಬಟ್ಟೆಯ ಮೇಲೆ ಪ್ರಿಂಟ್’ ಎಂದೋ ಕನ್ನಡದಲ್ಲಿ ಸ್ಪಷ್ಟವಾಗಿ ಬರೆಯಿರಿ. ನೇಯ್ದದ್ದಾದರೆ ಒಂಟಿಯೋ ಜೋಡಿಯೋ, ಯಾವ ಊರಿನದು ಎಂಬುದನ್ನೂ ಸೇರಿಸಿ. ಅದೇ ಸಾಲು ಬಿಲ್ಲಿನಲ್ಲೂ ಇರಲಿ. ಎರಡು ಬಗೆಯ ಸೀರೆಗಳನ್ನು ಬೇರೆ ಬೇರೆ ಕಪಾಟಿನಲ್ಲಿಡಿ. ಸಗಟು ವ್ಯಾಪಾರಿಯಿಂದ ಸರಕು ತರಿಸುವಾಗ ಇದನ್ನೇ ಬರಹದಲ್ಲಿ ಕೇಳಿ. ಕೌಂಟರಿನಲ್ಲಿರುವ ಹುಡುಗ ಹುಡುಗಿಯರಿಗೆ ಸೆರಗಿನ ಎಳೆ ಬಿಡಿಸಿ ತೋರಿಸುವುದನ್ನು ಕಲಿಸಿ. ಗಿರಾಕಿ ಕೇಳುವ ಮುನ್ನವೇ ಅವರು ತೋರಿಸಲಿ. ನಿಮ್ಮಲ್ಲಿ ಹಲವರ ಅಂಗಡಿಗಳು ಮೂರು ತಲೆಮಾರಿನ ವಿಶ್ವಾಸದ ಮೇಲೆ ನಿಂತಿವೆ, ಮದುವೆಯ ಜವಳಿಗೆ ಊರಿಗೆ ಊರೇ ನಿಮ್ಮ ಬಳಿ ಬರುತ್ತದೆ. ಆ ವಿಶ್ವಾಸದಲ್ಲಿ ಒಂದು ಪಾಲು ನೂಲಿಗೆ ಬಣ್ಣ ಕಟ್ಟಿದವರಿಗೂ ಸಲ್ಲಬೇಕು. ಆಗಸ್ಟ್ 7ರಂದು ರಾಷ್ಟ್ರೀಯ ಕೈಮಗ್ಗ ದಿನವೆಂದು ರಿಯಾಯಿತಿಯ ಫಲಕ ಹಾಕುವ ಅಂಗಡಿಗಳು, ಈ ಸಲ ಆ ದಿನದಿಂದಲೇ ಈ ಚೀಟಿಯನ್ನೂ ಶುರು ಮಾಡಲಿ ಎಂದು ಕೇಳಿಕೊಳ್ಳುತ್ತೇನೆ.

ಇಂತಿ,
ಕೈಮಗ್ಗದ ಬಟ್ಟೆಯ ಅಭಿಮಾನಿ